ಒಡೆಯೋಕೆ ಎರಡು ದಿನ ಬೇಕಾದ ‘ಹಾಳಾದ’ ಅಂಗಳ

ಬೆಳಿಗ್ಗೆ ಎಂಟೂವರೆಗೆ ಶುರುವಾಗಿದ್ದು ಆ ಬ್ರೇಕರ್ ಮೆಷಿನ್ನು, ಇನ್ನೂ ನಿಂತಿಲ್ಲ. ಎದುರು ಮನೆಯವರು ಅಂಗಳ ಒಡೆಸ್ತಿದಾರೆ. ಭಾನುವಾರ ಬೇರೆ. ಕಾಫಿ ಲೋಟ ಹಿಡ್ಕೊಂಡೇ ಹೋಗಿ ಯಾಕೆ ಆಂಟಿ ಏನಾಯ್ತು ಅಂತ ಕೇಳಿದೆ. “ತುಂಬಾ ಹಾಳಾಗ್ಬಿಟ್ಟಿದೆ ಕಣಮ್ಮ, ಮೂವತ್ತು ವರ್ಷದ ಸಿಮೆಂಟು, ನೋಡೋಕೇ ಆಗಲ್ಲ, ಮಗ ಟೈಲ್ಸ್ ಹಾಕಿಸ್ತೀನಿ ಅಂದ” ಅಂದ್ರು. ಅದೇ ಹೊತ್ತಿಗೆ ಮೆಷಿನ್ ಹಿಡಿದಿದ್ದ ಹುಡುಗ ಬೆವರು ಒರೆಸ್ಕೊಂಡು ಮೇಸ್ತ್ರಿ ಕಡೆ ತಿರುಗಿ “ಅಣ್ಣಾ ಕಲ್ಲಿದ್ದಂಗೈತೆ, ಇವತ್ತು ಮುಗಿಯಂಗಿಲ್ಲ” ಅಂದ.

ಹಾಳಾಗಿರೋ ಕಾಂಕ್ರೀಟು. ಒಡೆಯೋಕೆ ಎರಡು ದಿನ. ನನ್ನ ಸಂಕಟ ಅರ್ಥ ಆಯ್ತಲ್ಲ?

ಹಾಳಾಗಿದ್ದು ಮೇಲಿನ ಒಂದು ಪದರ ಅಷ್ಟೇ ಕಣ್ರೀ. ಮಳೆ ಬಿದ್ದು ಬಿದ್ದು ನುಣುಪು ಹೋಗಿ ಮರಳಿನ ಕಾಳು ಎದ್ದಿದೆ, ಸ್ಕೂಟರ್ ನಿಲ್ಸೋ ಕಡೆ ಆಯಿಲ್ ಕಲೆ, ನಲ್ಲಿ ಹತ್ರ ಪಾಚಿ, ಅಲ್ಲೊಂದು ಇಲ್ಲೊಂದು ಕೂದಲೆಳೆ ಬಿರುಕು. ಐವತ್ತಾದ್ಮೇಲೆ ನನ್ನ ಮುಖಾನೂ ಹಾಗೇ ಆಗಿದೆ, ಯಾರೂ ಬ್ರೇಕರ್ ತಂದಿಲ್ಲ.

ನಾನೇನು ಮಹಾ ಜಾಣೆ ಅಂತಲ್ಲ. ನಮ್ಮ ಕಾರ್ ಪೋರ್ಚ್ ಕಥೆ ಹಳಬರಿಗೆ ನೆನಪಿರುತ್ತೆ, 2019ರಲ್ಲಿ ಇಟ್ಟಿಗೆ ಬಣ್ಣದ ಫ್ಲೋರ್ ಪೇಂಟ್ ತಂದು, ಬೆಳಿಗ್ಗೆ ತೊಳೆದು ಮಧ್ಯಾಹ್ನಕ್ಕೆ ಹೊಡೆದು ಮುಗಿಸಿ ಫೋಟೋ ಹಾಕಿದ್ದೆ, ನೀವೆಲ್ಲ ಹಾರ್ಟ್ ಒತ್ತಿದ್ರಿ. ಆಮೇಲಿನ ಫೋಟೋ ಹಾಕ್ಲಿಲ್ಲ. ಮಳೆಗಾಲದಲ್ಲಿ ಹಪ್ಪಳದ ಥರ ಉಬ್ಬಿ, ಕಾರ್ ಟೈರಿಗೆ ಅಂಟ್ಕೊಂಡು ಕಿತ್ತು ಬಂತು, ಕೆಳಗೆಲ್ಲ ಬಿಳೀ ಉಪ್ಪು. ನೆಲದೊಳಗಿನ ತೇವ ಮೇಲೆ ಬರುವಾಗ ಉಪ್ಪನ್ನೂ ಹೊತ್ಕೊಂಡು ಬರುತ್ತೆ, ಮೇಲೆ ಬಣ್ಣ ಕೂತಿದ್ರೆ ತಳ್ಳಿಬಿಡುತ್ತೆ. ಪರೀಕ್ಷೆ ಎಷ್ಟು ಸುಲಭ ಅಂತ ಆಮೇಲೆ ಗೊತ್ತಾಯ್ತು: ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆನ ನಾಲ್ಕೂ ಕಡೆ ಟೇಪ್ ಅಂಟಿಸಿ 16 ಗಂಟೆ ಬಿಡಿ, ತೆಗೆದಾಗ ಅಡಿಯಲ್ಲಿ ಹನಿ ಇದ್ರೆ, ನೆಲ ಕಪ್ಪಾಗಿದ್ರೆ ಪೇಂಟ್ ಡಬ್ಬ ಮುಚ್ಚಿಡಿ. ನಾದಿನಿ ಬಾಲ್ಕನಿಗೆ ಯಾರದೋ ಮಾತು ಕೇಳಿ ಎಪಾಕ್ಸಿ (ಎರಡು ದ್ರವ ಬೆರೆಸಿ ಬಳಿಯೋ, ಗಟ್ಟಿಯಾಗೋ ಲೇಪ) ಬಳಿಸಿದ್ಲು, ಅದು ಬಿಸಿಲಿಗೆ ಅರಿಶಿನ ಕಲೆಸಿದ ಹಾಗಾಗಿದೆ. ಎಪಾಕ್ಸಿ ಬಿಸಿಲಿಗೆ ತಡೆಯಲ್ಲ, ಒಳಗಡೆ ಸರಿ.

ಎರಡನೇ ಸಲ ಒಬ್ಬ ವಯಸ್ಸಾದ ಗಾರೆಯವರು ಸಿಕ್ಕಿದ್ರು. ಒಡೆಯೋ ಮಾತೇ ಇಲ್ಲ. ವೈರ್ ಬ್ರಷ್ಷಲ್ಲಿ ಉಜ್ಜಿ, ಉಳಿಯಲ್ಲಿ ಕೊಚ್ಚಿ ಒರಟು ಮಾಡಿ, ಹಿಂದಿನ ರಾತ್ರಿನೇ ನೀರು ಕುಡಿಸಿ, ಬೆಳಿಗ್ಗೆ ಸಿಮೆಂಟ್ ಹಾಲು ಬಳಿದು ಅದು ಒಣಗೋಕೆ ಮುಂಚೆ ತೆಳ್ಳಗೆ ಗಾರೆ, ಅದರ ಮೇಲೆ ರೆಡ್ ಆಕ್ಸೈಡ್ ಬೆರೆಸಿದ ಸಿಮೆಂಟು. ಅದು ಕಬ್ಬಿಣದ ತುಕ್ಕಿನ ಬಣ್ಣ, ಬಿಸಿಲಿಗೆ ಮಾಸಲ್ಲ. ಜಗಲಿ ಮೇಲೆ ಕುಕ್ಕರಗಾಲಲ್ಲಿ ಕೂತು ಕರಣೆಯಲ್ಲಿ ಒಂದೇ ಕಡೆ ಎಷ್ಟೊತ್ತು ತೀಡಿದ್ರು ಅಂದ್ರೆ ಅವರ ಬಳೆ... ಅಲ್ಲ ಕಡಗದ ನೆರಳು ನೆಲದಲ್ಲಿ ಕಾಣೋ ತನಕ. ಅಂಗಳಕ್ಕೆ ಮಾತ್ರ ನುಣುಪು ಬೇಡ ಜಾರುತ್ತೆ ಅಂತ ಹಸಿ ಇದ್ದಾಗಲೇ ಗಟ್ಟಿ ಪೊರಕೆ ಎಳೆದು ಗೀರು ಮಾಡಿ, ದಾರ ಒತ್ತಿ ಚೌಕಗಳನ್ನ ಮೂಡಿಸಿದ್ರು. ಒಂದು ವಾರ ನೀರು ಕಟ್ಟಿ ನಿಲ್ಸಿ ಅಂದ್ರು, ನಮ್ಮನೆಯವರು ನೀರಿನ ಬಿಲ್ ಅಂತ ಗೊಣಗಿದ್ರು, ಗೊಣಗ್ಲಿ.

ಟೈಲ್ಸ್ ಆದ್ರೆ ಒರೆಸೋಕೆ ಸುಲಭ ಅಂತ ಕಾಮೆಂಟಲ್ಲಿ ಬರೀತೀರ, ಗೊತ್ತು. ಅಂಗಳ ಒರೆಸೋರು ಯಾರ್ರೀ? ಗುಡಿಸಿ ನೀರು ಹಾಕ್ತೀವಿ. ಆ ಹೊಳೆಯೋ ಟೈಲ್ಸ್ ಮೇಲೆ ನೀರು ಹಾಕಿದ್ರೆ ಸೊಂಟ ಮುರ್ಕೊಳ್ಳೋದೇ. ರಂಗೋಲಿ ಕೇಳಲೇಬೇಡಿ, ಪುಡಿ ಹಿಡಿದು ಎಳೆ ಬಿಟ್ರೆ ನಿಲ್ಲಲ್ಲ, ಗಾಳಿ ಬಂದ್ರೆ ಆಚೆ ಮನೆಗೆ ಹೋಗುತ್ತೆ, ಅದಕ್ಕೇ ಎಲ್ಲರ ಬಾಗಿಲಲ್ಲೂ ಸ್ಟಿಕ್ಕರ್. ಒರಟು ಸಿಮೆಂಟು ಪುಡಿನ ಹಿಡ್ಕೊಳ್ಳುತ್ತೆ. ಹ್ಞಾಂ, ನೆಲಾನೇ ಕುಸಿದು ಬಿರುಕು ವರ್ಷ ವರ್ಷ ಅಗಲ ಆಗ್ತಿದ್ರೆ ಒಡೀರಿ, ಅದರ ಮೇಲೆ ಏನ್ ಬಳಿದ್ರೂ ದಂಡ. ಆದ್ರೆ ಎದುರು ಮನೇದು ಹಾಗಿಲ್ಲ, ಎರಡು ದಿನದ ಮೆಷಿನ್ನೇ ಸಾಕ್ಷಿ.

ಈಗ ಮತ್ತೆ ಶುರುವಾಯ್ತು ಸದ್ದು. ಇವರ ಅಂಗಳದ ಚೂರೆಲ್ಲ ಟ್ರ್ಯಾಕ್ಟರ್ ಹತ್ತಿ ಯಾವ ಕೆರೆ ದಂಡೆಗೆ ಹೋಗುತ್ತೋ. ಚಂಡೀಗಢದಲ್ಲಿ ನೇಕ್ ಚಂದ್ ಅಂತ ಒಬ್ರು ಸರ್ಕಾರಿ ನೌಕರ ಬಿಸಾಕಿದ ಟೈಲ್ಸು, ಬಳೆ ಚೂರು, ಪಿಂಗಾಣಿ ಎಲ್ಲ ಕದ್ದುಮುಚ್ಚಿ ಕೂಡಿಹಾಕಿ ಮಾಡಿದ ರಾಕ್ ಗಾರ್ಡನ್ನು 1976ರಲ್ಲಿ ಜನಕ್ಕೆ ತೆರೆದ್ರು, ಇವತ್ತೂ ಜನ ಟಿಕೆಟ್ ತಗೊಂಡು ನೋಡ್ತಾರೆ. ನನಗೆ ಅಷ್ಟೆಲ್ಲ ಬೇಡಪ್ಪ, ಟೆರೇಸಲ್ಲಿ ನೀರಿನ ಟ್ಯಾಂಕ್ ಕೆಳಗೆ ಸಿಮೆಂಟು ಕಿತ್ತು ಬಂದಿರೋ ಜಾಗಕ್ಕೆ ಬಿಳೀ ಚೂರು ಕೂರಿಸಿದ್ರೆ ಸಾಕು, ಬಿಸಿಲನ್ನೂ ವಾಪಸ್ ಕಳಿಸುತ್ತೆ, ಕೆಳಗಿನ ರೂಮಿಗೂ ಸ್ವಲ್ಪ ತಂಪು.

ಅದಕ್ಕೇ ಲೋಟ ಇಡೋಕೆ ಬರೋ ಮುಂಚೆ ಕೇಳೇಬಿಟ್ಟೆ: “ಆಂಟಿ, ಟೈಲ್ಸ್ ಕಟಿಂಗ್ ಪೀಸ್ ಉಳಿದ್ರೆ ಬಿಸಾಕ್ಬೇಡಿ, ನಂಗೆ ಕೊಡಿ.” ಅವರು ನನ್ನ ಕಡೆ ನೋಡಿ, ಮಗನ ಕಡೆ ನೋಡಿ, “ಪಾಪ, ಅವರ ಮನೇಲಿ ಏನೋ ತೊಂದ್ರೆ ಇರ್ಬೇಕು” ಅನ್ನೋ ಮುಖ ಮಾಡಿದ್ರು. ಎರಡು ಗೋಣಿಚೀಲ ಒಗೆದು ಒಣಹಾಕಿದೀನಿ.