ನಾಯಿ-ಬೆಕ್ಕಿನ ಮನೆಗೆ ವ್ಯಾಕ್ಯೂಮ್ ಬೇಕೇ, ಹಿಡಿಸೂಡಿ ಸಾಕೇ?

ಪರ: ಫ್ಯಾನ್ ಹಾಕಿಕೊಂಡು ಗುಡಿಸಿ ತೋರಿಸಿ

ಕದ್ರಿಯ ನಮ್ಮ ಫ್ಲ್ಯಾಟಿನಲ್ಲಿ ಇರುವುದು ಒಂದು ಕಪ್ಪು ಲ್ಯಾಬ್ರಡಾರ್, ಎರಡು ಬೆಕ್ಕು, ಆಮೇಲೆ ಅತ್ತೆ, ಗಂಡ, ಮಗ ಮತ್ತು ನಾನು. ನೆಲದ ಮೇಲೆ ಯಾರ ಆಸ್ತಿ ಹೆಚ್ಚು ಬಿದ್ದಿರುತ್ತದೋ ಅವರ ಹೆಸರು ಮೊದಲು ಬರಬೇಕಲ್ಲ, ಅದಕ್ಕೆ ಈ ಕ್ರಮ. ಬೆಳ್ಳಗಿನ ನೀರುದೋಸೆಯ ಮೇಲೆ ಒಂದು ಕಪ್ಪು ಕೂದಲು ಕಂಡರೆ ನಮ್ಮಲ್ಲಿ ಯಾರೂ ಬೆಚ್ಚುವುದಿಲ್ಲ. ಎತ್ತಿ ಬದಿಗಿಟ್ಟು ತಿನ್ನುತ್ತೇವೆ. ನೆಂಟರು ಬಂದ ದಿನ ಮಾತ್ರ ಮರ್ಯಾದೆಯ ಪ್ರಶ್ನೆ.

ಹಿಡಿಸೂಡಿ ಸಾಕು ಎನ್ನುವವರಿಗೆ ನನ್ನದು ಒಂದೇ ಸವಾಲು. ಏಪ್ರಿಲ್ ತಿಂಗಳಲ್ಲಿ, ಬೆಳಿಗ್ಗೆ ಹತ್ತು ಗಂಟೆಗೆ, ಮಂಗಳೂರಿನಲ್ಲಿ ನಾಯಿ ಇರುವ ಮನೆ ಗುಡಿಸಿ. ಫ್ಯಾನ್ ಹಾಕಿಕೊಂಡು ಗುಡಿಸಿದರೆ ಕೂದಲು ಕಸದ ಮೊರಕ್ಕೆ ಬರುವುದಿಲ್ಲ, ಸೋಫಾದ ಅಡಿಗೆ ಓಡುತ್ತದೆ. ಫ್ಯಾನ್ ಆರಿಸಿದರೆ ಸೆಕೆಗೆ ನೀವೇ ಓಡುತ್ತೀರಿ. ನಮ್ಮಲ್ಲಿಗೆ ಕೆಲಸಕ್ಕೆ ಬರುತ್ತಿದ್ದವರು ಒಂದು ದಿನ ಹಿಡಿಸೂಡಿ ಮೂಲೆಗೆ ಒರಗಿಸಿ, "ಅಕ್ಕಾ, ನಾನು ಆ ಕಡೆ ದೂಡುವುದು, ಅದು ಈ ಕಡೆ ಬರುವುದು. ಇದು ಗುಡಿಸುವುದಲ್ಲ, ಆಟ" ಎಂದರು. ಗುಡಿಸದೆ ನೇರ ಒರೆಸಿದರೆ ಇನ್ನೂ ಚಂದ. ಒದ್ದೆ ಬಟ್ಟೆಗೆ ಕೂದಲು ಸುತ್ತಿಕೊಂಡು ಹಗ್ಗವಾಗುತ್ತದೆ, ನೆಲ ಒಣಗಿದ ಮೇಲೆ ಅಲ್ಲಲ್ಲಿ ಅಂಟಿಕೊಂಡ ಎಳೆಗಳನ್ನು ಉಗುರಿನಲ್ಲಿ ಕೆರೆದು ತೆಗೆಯಬೇಕು.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಮಗನಿಗೆ ಉಬ್ಬಸ. ಅಲರ್ಜಿ ತರುವುದು ಕೂದಲು ಎಂದೇ ನಾನೂ ತಿಳಿದಿದ್ದೆ. ಅಲ್ಲ. ಬೆಕ್ಕಿನ ವಿಷಯದಲ್ಲಿ ಮುಖ್ಯ ಅಪರಾಧಿ ಫೆಲ್ ಡಿ 1 ಎಂಬ ಪ್ರೋಟೀನು. ಅದು ಇರುವುದು ಬೆಕ್ಕಿನ ಜೊಲ್ಲಿನಲ್ಲಿ, ಚರ್ಮದ ಎಣ್ಣೆ ಗ್ರಂಥಿಗಳಲ್ಲಿ. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುತ್ತದೆ, ಜೊಲ್ಲು ಒಣಗುತ್ತದೆ, ಪುಡಿಯಾಗಿ ಹೊಟ್ಟಿನ ಜೊತೆ ಗಾಳಿಗೆ ಸೇರುತ್ತದೆ. ಆ ಪುಡಿ ಎಷ್ಟು ಹಗುರ ಎಂದರೆ ತಾಸುಗಟ್ಟಲೆ ತೇಲುತ್ತಲೇ ಇರುತ್ತದೆ. ಹಿಡಿಸೂಡಿ ಮಾಡುವುದೇನು? ನೆಲಕ್ಕೆ ಇಳಿದು ತೆಪ್ಪಗೆ ಕೂತಿದ್ದನ್ನು ಎಬ್ಬಿಸಿ ಮತ್ತೆ ಮೂಗಿನ ಎತ್ತರಕ್ಕೆ ತರುತ್ತದೆ.

ಈ ಕಷ್ಟ ಮೊದಲು ಅನುಭವಿಸಿದವನು ಒಬ್ಬ ಕಸ ಗುಡಿಸುವವನೇ. ಅಮೆರಿಕದ ಒಹಾಯೋ ರಾಜ್ಯದ ಕ್ಯಾಂಟನ್ ಊರಿನ ಒಂದು ಅಂಗಡಿಯಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬಾತನಿಗೆ ಗುಡಿಸುವ ಕೆಲಸ, ಜೊತೆಗೆ ಅಸ್ತಮಾ. ಧೂಳಿಗೆ ಕೆಮ್ಮಿ ಕೆಮ್ಮಿ ಸೋತು, ಒಂದು ಫ್ಯಾನಿನ ಮೋಟಾರು, ಸಾಬೂನಿನ ಪೆಟ್ಟಿಗೆ, ತಲೆದಿಂಬಿನ ಚೀಲ ಇವಕ್ಕೆ ಪೊರಕೆಯ ಹಿಡಿ ಸಿಕ್ಕಿಸಿ ಧೂಳೆಳೆಯುವ ಯಂತ್ರ ಕಟ್ಟಿದ. 1908ರಲ್ಲಿ ಪೇಟೆಂಟ್ ಸಿಕ್ಕಿತು. ಆಮೇಲೆ ಅದನ್ನು ಕೊಂಡು ಹೆಸರು ಮಾಡಿದ್ದು ಹೂವರ್ ಎಂಬ ಉದ್ಯಮಿ. ಪೊರಕೆ ಹಿಡಿದ ಕೈಯೇ ಪೊರಕೆ ಸಾಲದು ಎಂದು ತೀರ್ಮಾನಿಸಿದ ಮೇಲೆ, ಹಿಡಿಸೂಡಿಯನ್ನು ಮುಟ್ಟದೆಯೇ ಅದರ ಗುಣಗಾನ ಮಾಡುವ ಹಿರಿಯರ ಮಾತಿಗೆ ನಾನು ಯಾಕೆ ಬೆಲೆ ಕೊಡಬೇಕು? ನಾನು ಕಂಡಂತೆ ಹಿಡಿಸೂಡಿಯ ಪರವಾಗಿ ಮಾತಾಡುವವರಲ್ಲಿ ಹೆಚ್ಚಿನವರು ಅದು ಮನೆಯಲ್ಲಿ ಎಲ್ಲಿರುತ್ತದೆ ಎಂದೂ ಗೊತ್ತಿಲ್ಲದ ಗಂಡಸರು.

ಇನ್ನು ಯಾವ ವ್ಯಾಕ್ಯೂಮ್ ಕೊಳ್ಳುವುದು. ಹಂಪನಕಟ್ಟೆಯ ಹತ್ತಿರದ ಒಂದು ಅಂಗಡಿಗೆ ಹೋಗುವಾಗ ನಾನು ಬ್ಯಾಗಿನಲ್ಲಿ ಒಂದು ಪೊಟ್ಟಣ ಒಯ್ದಿದ್ದೆ. ಅಲ್ಲಿಯ ಹುಡುಗ "ಎರಡು ಸಾವಿರ ವ್ಯಾಟ್ ಮೇಡಂ" ಎಂದು ಹೇಳಿ, ನೆಲಕ್ಕೆ ಒಂದು ಹಿಡಿ ಕಡಲೆ ಚೆಲ್ಲಿ, ಪಟಪಟ ಎಳೆದು ತೋರಿಸಿದ. ನಾನು ಪೊಟ್ಟಣ ಬಿಚ್ಚಿ ನಮ್ಮ ನಾಯಿಯ ಕೂದಲನ್ನು ಅವರ ಪ್ರದರ್ಶನದ ಸೋಫಾದ ಮೇಲೆ ಹರಡಿ, ಕೈಯಲ್ಲಿ ಒಂದು ಸಲ ಉಜ್ಜಿ, "ಈಗ ಎಳೆ ಮಗಾ" ಎಂದೆ. ಕಡಲೆ ನುಂಗಿದ ಯಂತ್ರಕ್ಕೆ ಒಂದು ಎಳೆಯೂ ಬರಲಿಲ್ಲ. ಪಕ್ಕದಲ್ಲಿ ಫ್ರಿಜ್ ನೋಡುತ್ತಿದ್ದ ಹೆಂಗಸೊಬ್ಬರು ಬಂದು ನಿಂತರು, ಅವರ ಹಿಂದೆ ಇನ್ನಿಬ್ಬರು. ಹುಡುಗ ಪಾಪ ಬೆವರಿದ. ಕೊನೆಗೆ ಒಳಗಿನಿಂದ ಇನ್ನೊಂದು ಯಂತ್ರ ತಂದ. ಅದರ ಬಾಯಲ್ಲಿ ತಿರುಗುವ ಸಣ್ಣ ಬ್ರಷ್ ಇತ್ತು. ಎರಡೇ ಎಳೆತಕ್ಕೆ ಸೋಫಾ ಸ್ವಚ್ಛ.

ಆ ದಿನ ನನಗೆ ಗೊತ್ತಾದದ್ದು, ಬಟ್ಟೆಯ ನೂಲಿನೊಳಗೆ ಹೆಣೆದುಕೊಂಡ ಕೂದಲನ್ನು ಬರೀ ಗಾಳಿಯ ಎಳೆತ ಬಿಡಿಸುವುದಿಲ್ಲ, ಅದನ್ನು ಕೆದಕಿ ಎಬ್ಬಿಸುವ ಬ್ರಷ್ ಬೇಕು. ವ್ಯಾಟ್ ಎನ್ನುವುದು ಯಂತ್ರ ತಿನ್ನುವ ಕರೆಂಟಿನ ಲೆಕ್ಕ, ಎಳೆಯುವ ಶಕ್ತಿಯದ್ದಲ್ಲ. ಯುರೋಪಿನ ಒಕ್ಕೂಟ 2014ರಲ್ಲಿ 1600 ವ್ಯಾಟ್ ಮೀರಿದವನ್ನು, 2017ರಲ್ಲಿ 900 ವ್ಯಾಟ್ ಮೀರಿದವನ್ನು ಮಾರುಕಟ್ಟೆಗೆ ಬಿಡುವುದನ್ನೇ ನಿಲ್ಲಿಸಿತು. ಅಲ್ಲಿಯವರ ಮನೆಗಳೇನೂ ಕಸದಲ್ಲಿ ಮುಳುಗಲಿಲ್ಲ. ನಮ್ಮ ಟೈಲ್ಸ್ ನೆಲಕ್ಕೆ ಗಡಸು ಬ್ರಷ್ ಬೇಡ, ಅದು ಕೂದಲನ್ನು ಹಿಂದಕ್ಕೆ ಎಸೆಯುತ್ತದೆ. ಮೆತ್ತಗಿನ ಉರುಳೆ ಇರಲಿ. ಸೋಫಾ, ಹಾಸಿಗೆ, ಕಾರಿನ ಸೀಟಿಗೆ ತಿರುಗುವ ಸಣ್ಣ ಬ್ರಷ್ ಬೇರೆ. ಯಾವ ಬ್ರಷ್ಷಿಗಾದರೂ ಕೂದಲು ಸುತ್ತಿಕೊಂಡೇ ಸುತ್ತಿಕೊಳ್ಳುತ್ತದೆ. ಉರುಳೆಯನ್ನು ಬಿಚ್ಚಿ ಹೊರಗೆ ತೆಗೆಯಲು ಬರುತ್ತದೋ ಎಂದು ಅಂಗಡಿಯಲ್ಲೇ ಬಿಚ್ಚಿಸಿ ನೋಡಿ.

ಉಬ್ಬಸದವರ ಮನೆಗೆ ಕಣ್ಣಿಗೆ ಕಾಣದ ಪುಡಿಯನ್ನೂ ಸೋಸುವ ಹೆಪಾ ಫಿಲ್ಟರ್ ಬೇಕು. ನಿಜವಾದ ಹೆಪಾ 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 99.97ರಷ್ಟನ್ನು ಹಿಡಿಯುತ್ತದೆ. ಆದರೆ ಯಂತ್ರದ ಸಂದುಗಳಲ್ಲಿ ಗಾಳಿ ಸೋರಿದರೆ ಫಿಲ್ಟರ್ ಇದ್ದೂ ಇಲ್ಲದ ಹಾಗೆ. ಕಸ ತುಂಬುವ ಚೀಲ ಇರುವುದೋ ಇಲ್ಲದ್ದೋ ಎಂದು ಕೇಳಿದರೆ, ಚೀಲದ್ದೇ ಎನ್ನುತ್ತೇನೆ. ಚೀಲ ಇಲ್ಲದ ಡಬ್ಬಿಯನ್ನು ಕಸದ ಬುಟ್ಟಿಗೆ ಕೊಡವುವಾಗ ಹಿಡಿದ ಪುಡಿಯಲ್ಲಿ ಒಂದು ಪಾಲು ಮುಖಕ್ಕೇ ಬರುತ್ತದೆ. ಚೀಲಕ್ಕೆ ಮತ್ತೆ ಮತ್ತೆ ದುಡ್ಡು ಹಾಕಬೇಕು, ಗೊತ್ತು. ಇನ್‌ಹೇಲರಿಗೂ ಹಾಕಬೇಕು. ಬ್ಯಾಟರಿಯದ್ದು ಕೈಗೆ ಹಗುರ, ನಿಜ. ಆದರೆ ಡಬ್ಬದ ಮೇಲೆ ಬರೆದಿರುವ 60 ನಿಮಿಷ ಅತಿ ಮೆಲ್ಲಗಿನ ವೇಗದ್ದು. ಕೂದಲಿಗೆ ಬೇಕಾದ ಜೋರಿನ ವೇಗದಲ್ಲಿ ಹತ್ತು ನಿಮಿಷಕ್ಕೆ ಕೈ ಎತ್ತುವವೇ ಹೆಚ್ಚು. ನಮ್ಮದು ವಯರಿನದ್ದು. ರೋಬೋಟಿನ ಬಗ್ಗೆ ಕೇಳಬೇಡಿ, ಅದು ಬೆಕ್ಕಿನ ಸವಾರಿಗೆ.

ಮಳೆಗಾಲದಲ್ಲಿ ತೊಳೆದ ಫಿಲ್ಟರ್ ಒಣಗುವುದಿಲ್ಲ ಎಂಬ ಮಾತು ಬರುತ್ತದೆ, ನನಗೆ ಗೊತ್ತು. ಮಳೆಗಾಲದಲ್ಲಿ ಬಟ್ಟೆ ಒಗೆಯುವುದನ್ನು ಯಾರಾದರೂ ಬಿಟ್ಟಿದ್ದಾರಾ? ಅಷ್ಟೇ.

ಸದ್ದಿಗೆ ಪ್ರಾಣಿ ಹೆದರುತ್ತದೆ ಎನ್ನುವುದೂ ಒಂದು ನೆಪ. ಮೊದಲ ವಾರ ಯಂತ್ರವನ್ನು ಬರೀ ಚಾವಡಿಯಲ್ಲಿ ಇಟ್ಟಿದ್ದೆ, ಪಕ್ಕದಲ್ಲಿ ಬಿಸ್ಕತ್ತು. ಎರಡನೆಯ ವಾರ ಒಳಕೋಣೆಯಲ್ಲಿ ಬಾಗಿಲು ಹಾಕಿ ಓಡಿಸಿದೆ. ಈಗ ನಾಯಿ ಅದರ ಬಾಯಿಯ ಮುಂದೆಯೇ ಮಲಗುತ್ತದೆ, ಕಾಲಲ್ಲಿ ದೂಡಿದರೂ ಏಳುವುದಿಲ್ಲ. ಬೆಕ್ಕುಗಳು ಮಾತ್ರ ಇವತ್ತಿಗೂ ಅಲಮಾರಿನ ಮೇಲಿಂದ ಇಳಿಯುವುದಿಲ್ಲ. ಅವು ಅತ್ತೆಗೂ ಇಳಿಯುವುದಿಲ್ಲ.

ವಿರೋಧ: ಜುಲೈ ಬರಲಿ, ಮಾತಾಡುವ

ಮೊದಲೇ ಒಪ್ಪಿಕೊಳ್ಳುತ್ತೇನೆ, ಈ ಪಕ್ಷ ನಾನು ಆರಿಸಿಕೊಂಡದ್ದಲ್ಲ. "ಪರ ಬರೆಯಲು ಜನ ಉಂಟು, ವಿರೋಧಕ್ಕೆ ಯಾರೂ ಸಿಗುವುದಿಲ್ಲ, ನಿಮ್ಮದು ಹಳೇ ಮನೆ ಅಲ್ವಾ, ನೀವೇ ಬರೆಯಿರಿ" ಎಂದು ಸಂಪಾದಕರು ಫೋನಿನಲ್ಲಿ ಹೇಳಿದರು. ಹಳೇ ಮನೆಯಲ್ಲಿ ಇರುವವರಿಗೆಲ್ಲ ಹಳೇ ಅಭಿಪ್ರಾಯ ಎಂದು ಅವರ ಲೆಕ್ಕ ಇರಬೇಕು. ಇರಲಿ.

ಉಡುಪಿಯಿಂದ ಬ್ರಹ್ಮಾವರದ ಕಡೆ ಹೋಗುವಾಗ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ನಮ್ಮ ಮನೆ. ಹಂಚಿನ ಮಾಡು, ಕೆಂಪು ನೆಲ, ಉದ್ದದ ಚಾವಡಿ. ಒಂದು ಬಿಳಿ ಸ್ಪಿಟ್ಜ್, ಒಂದು ಊರ ನಾಯಿ. ನನ್ನ ಮೊದಲ ವಾದ ಸರಳ. ಈ ಯಂತ್ರ ಹುಟ್ಟಿದ್ದು ನೆಲಕ್ಕೆ ಕಂಬಳಿ ಹೊದಿಸುವ ದೇಶಗಳಲ್ಲಿ. ಅಲ್ಲಿ ಕೂದಲು ಜಮಖಾನದ ಒಳಗೆ ಇಳಿಯುತ್ತದೆ, ಎಳೆದು ತೆಗೆಯದೆ ಗತಿಯಿಲ್ಲ. ನಮ್ಮ ನೆಲ ನುಣ್ಣಗೆ. ಬಚ್ಚಲಿನ ನೀರು ದೂಡುವ ರಬ್ಬರ್ ವೈಪರನ್ನು ಒಣ ನೆಲದ ಮೇಲೆ ಎಳೆದು ನೋಡಿ, ಕೂದಲು ಉಂಡೆಯಾಗಿ ಮುಂದೆ ಉರುಳುತ್ತದೆ. ಸೋಫಾಕ್ಕೆ ಒದ್ದೆ ಮಾಡಿದ ರಬ್ಬರ್ ಕೈಗವಸು. ಎರಡಕ್ಕೂ ಸೇರಿ ಮುನ್ನೂರು ರೂಪಾಯಿ ಸಾಕು.

ಎರಡನೆಯದು ಮಳೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಸುರಿಯುತ್ತದೆ, ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಫಿಲ್ಟರನ್ನು ತೊಳೆದು 24 ಗಂಟೆ ಒಣಗಿಸಿ ಎಂದು ಯಂತ್ರದ ಜೊತೆ ಕೊಟ್ಟ ಪುಸ್ತಕ ಹೇಳುತ್ತದೆ. ಆ ಪುಸ್ತಕ ಬರೆದವರು ಜುಲೈಯಲ್ಲಿ ಉಡುಪಿಗೆ ಬಂದವರಲ್ಲ. ಇಲ್ಲಿ 24 ಗಂಟೆಗೆ ಒಣಗುವುದು ಗಂಟಲು ಮಾತ್ರ. ತೇವ ಉಳಿದ ಫಿಲ್ಟರ್ ಹಾಕಿ ಓಡಿಸಿದರೆ ಮನೆಯೆಲ್ಲ ಒದ್ದೆ ನಾಯಿಯ ವಾಸನೆ, ಮೋಟಾರಿಗೂ ಕೇಡು. ಡಬ್ಬಿಯಲ್ಲಿ ಉಳಿದ ಕೂದಲಿಗೆ ನಾಲ್ಕು ದಿನದಲ್ಲಿ ಬೂಸು ಹಿಡಿಯುತ್ತದೆ. ಮಳೆಯಲ್ಲಿ ನೆನೆದು ಬಂದ ನಾಯಿ ಮೈ ಕೊಡವಿದಾಗ ಬೀಳುವ ಒದ್ದೆ ಕೂದಲಿಗೆ ಮಾಮೂಲಿ ಯಂತ್ರ ಹಿಡಿಯುವ ಹಾಗೆಯೇ ಇಲ್ಲ, ನೀರೆಳೆಯುವ ಬೇರೆ ಜಾತಿಯದ್ದು ಬೇಕು. ಹಿಡಿಸೂಡಿಗೆ ಈ ಜಾತಿಭೇದ ಇಲ್ಲ.

ಪ್ರಾಣಿಗಳಿಗೂ ಈ ಯಂತ್ರಕ್ಕೂ ಮೊದಲಿನಿಂದಲೇ ಆಗಿಬಂದಿಲ್ಲ. 1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಮಾಡಿದ ಯಂತ್ರ ಕುದುರೆಗಾಡಿಯಷ್ಟು ದೊಡ್ಡದು. ಬೀದಿಯಲ್ಲಿ ನಿಲ್ಲಿಸಿ, ಕಿಟಕಿಯೊಳಗೆ ಕೊಳವೆ ಬಿಟ್ಟು ಎಳೆಯುತ್ತಿದ್ದರು. ಅದರ ಸದ್ದಿಗೆ ದಾರಿಯ ಕುದುರೆಗಳು ಬೆದರುತ್ತಿದ್ದವು.

ಅಲರ್ಜಿ, ಅಸ್ತಮಾದ ವಿಷಯ ಡಾಕ್ಟರುಗಳಿಗೆ ಬಿಡುವ. ನಾನು ಹೇಳುವುದು, ಕೂದಲನ್ನು ನೆಲದಿಂದ ಹೆಕ್ಕುವ ಬದಲು ನಾಯಿಯ ಮೈಯಿಂದಲೇ ಹೆಕ್ಕಬಾರದೇ? ಸ್ಪಿಟ್ಜಿಗೆ ಎರಡು ಪದರ, ಮೇಲೆ ಉದ್ದ ಕೂದಲು, ಅಡಿಯಲ್ಲಿ ಹತ್ತಿಯಂಥದ್ದು. ಉದುರುವುದು ಹೆಚ್ಚಾಗಿ ಅಡಿಯದ್ದು. ಸಂಜೆ ಅಂಗಳದಲ್ಲಿ ಕೂರಿಸಿ ಹತ್ತು ನಿಮಿಷ ಬಾಚಿದರೆ ಒಳಗೆ ಬೀಳುವುದು ಎಷ್ಟೋ ಕಡಿಮೆ. ಸೆಕೆಗೆ ಒಳ್ಳೆಯದೆಂದು ಕೆಲವರು ಬೋಳಿಸುತ್ತಾರೆ, ಹಾಗೆ ಮಾಡಬೇಡಿ, ಆ ಪದರವೇ ಅದಕ್ಕೆ ಬಿಸಿಲಿನಿಂದ ರಕ್ಷೆ. ಬಾಚಿದ್ದನ್ನು ಅಂಗಳದಲ್ಲೇ ಬಿಟ್ಟರೆ ಹಕ್ಕಿಗಳು ಗೂಡಿಗೆ ಒಯ್ಯುತ್ತವೆ.

ಇನ್ನು ರೋಬೋಟಿನ ಕತೆ ಹೇಳದೆ ಇರಲಾರೆ. ಬೆಂಗಳೂರಿನಲ್ಲಿರುವ ಮಗ ಹೋದ ವರ್ಷ ಒಂದನ್ನು ಕಳಿಸಿದ. ತಟ್ಟೆಯ ಆಕಾರ, ನೆಲದಲ್ಲಿ ತಾನೇ ತಿರುಗುತ್ತದೆ. ಅವನ ಫೋನಿನಿಂದಲೇ ಅದನ್ನು ಇಲ್ಲಿ ಹೊರಡಿಸಬಹುದು. ನಮ್ಮ ಹೊಸ್ತಿಲು ನಾಲ್ಕು ಬೆರಳು ಎತ್ತರ, ಅದು ಹತ್ತುವುದು ಒಂದು ಬೆರಳು. ಹಾಗಾಗಿ ಅದರ ರಾಜ್ಯ ಚಾವಡಿಯೊಂದೇ. ಅಲ್ಲಿಯೂ ಕೆಂಪು ನೆಲದ ಸುತ್ತ ಹಿಂದಿನವರು ಹಾಕಿದ ಕಪ್ಪು ಪಟ್ಟಿ ಉಂಟು. ಮೆಟ್ಟಿಲಿನಿಂದ ಬೀಳಬಾರದೆಂದು ಅದರ ಹೊಟ್ಟೆಯಲ್ಲಿ ಬೆಳಕು ಬಿಟ್ಟು ನೋಡುವ ಕಣ್ಣಿದೆ. ಕಪ್ಪು ನೆಲದಿಂದ ಬೆಳಕು ಮರಳಿ ಬಾರದಿದ್ದರೆ ಅದಕ್ಕೆ ಅಲ್ಲಿ ಗುಂಡಿ ಕಂಡ ಹಾಗೆ. ಪಟ್ಟಿಯ ಹತ್ತಿರ ಬಂದು ಹೆದರಿ ಹಿಂದೆ ಸರಿಯುವುದು, ಮತ್ತೆ ಬರುವುದು. ಗೋಡೆಯ ಬದಿಯ ಕೂದಲು ಅಲ್ಲೇ.

ಒಂದು ಮಧ್ಯಾಹ್ನ ಊಟ ಮುಗಿಸಿ ನಾವೆಲ್ಲ ಮಲಗಿದ್ದೆವು. ಮಗ ಅಲ್ಲಿಂದ ಅದನ್ನು ಹೊರಡಿಸಿದ್ದಾನೆ. ಅದು ಸಿಕ್ಕಿಹಾಕಿಕೊಂಡು, ಹೆಣ್ಣು ದನಿಯಲ್ಲಿ, ಇಂಗ್ಲಿಷಿನಲ್ಲಿ, ನನ್ನನ್ನು ಬೇರೆ ಜಾಗದಲ್ಲಿ ಇಡಿ ಎಂದು ಕೇಳಲು ಸುರುಮಾಡಿತು. ಎಂಬತ್ತು ದಾಟಿದ ಅಮ್ಮನಿಗೆ ಕಣ್ಣು ಮಂದ, ಕಿವಿ ಚುರುಕು. ಒಳಗಿನಿಂದಲೇ "ಯಾರದು? ಬನ್ನಿ, ಕೂತುಕೊಳ್ಳಿ, ಆಸರಿಗೆ ಎಂತ ಬೇಕು?" ಎಂದರು. ಅದು ಮತ್ತೆ ಅದೇ ಮಾತು. ಅಮ್ಮ ಎದ್ದು ಬೆಲ್ಲ-ನೀರು ಹಿಡಿದುಕೊಂಡು ಚಾವಡಿಗೆ ಬಂದಿದ್ದಾರೆ. ಅಷ್ಟರಲ್ಲಿ ಮಗನ ಫೋನು: "ಅಪ್ಪ, ಅದು ಎಲ್ಲೋ ಸಿಕ್ಕಿಬಿದ್ದಿದೆ ಅಂತ ಮೆಸೇಜ್ ಬಂತು, ಸ್ವಲ್ಪ ನೋಡಿ." ನೋಡಿದೆ. ಸ್ಪಿಟ್ಜ್ ಅದನ್ನು ಅಡ್ಡಗಟ್ಟಿ ಕೂತಿತ್ತು. ಅಮ್ಮ ಲೋಟ ಹಿಡಿದು ನಿಂತು, "ಪಾಪ, ಬಂದವರನ್ನು ಈ ನಾಯಿ ಒಳಗೆ ಬಿಡುವುದಿಲ್ಲ" ಎನ್ನುತ್ತಿದ್ದರು.

ರೋಬೋಟ್ ಈಗ ಅಟ್ಟದಲ್ಲಿದೆ. ಇದು ವ್ಯಾಕ್ಯೂಮಿನ ವಿರುದ್ಧ ವಾದವಾಯಿತೋ ಮಗನ ವಿರುದ್ಧವೋ ನನಗೆ ಸರಿಯಾಗಿ ಗೊತ್ತಿಲ್ಲ.

ಒಂದು ವಿಷಯ ಮುಚ್ಚಿಟ್ಟರೆ ತಪ್ಪಾಗುತ್ತದೆ. ಸೋಫಾಕ್ಕೂ ಕಾರಿಗೂ ಎಂದು ಹೆಂಡತಿ ಬ್ಯಾಟರಿಯ ಸಣ್ಣ ಯಂತ್ರವೊಂದನ್ನು ಎರಡು ವರ್ಷದ ಹಿಂದೆಯೇ ತರಿಸಿಕೊಂಡಿದ್ದಾಳೆ. ಮನೆ ಗುಡಿಸುವುದು ಅವಳು, ಲೇಖನ ಬರೆಯುವುದು ನಾನು. ಅದರ ಫಿಲ್ಟರ್ ಈಗ ಬಚ್ಚಲಿನ ಬಿಸಿನೀರ ಒಲೆಯ ಹತ್ತಿರ, ಬನಿಯನುಗಳ ಸಾಲಿನಲ್ಲಿ ನೇತಾಡುತ್ತಿದೆ. ಬಿಸಿಯ ಹತ್ತಿರ ಇಡಬಾರದೆಂದು ಪುಸ್ತಕದಲ್ಲಿದೆ, ಆದರೆ ಈ ಮಳೆಯಲ್ಲಿ ಬೇರೆ ಜಾಗ ಎಲ್ಲಿ? ಇವತ್ತಿಗೆ ಮೂರನೆಯ ದಿನ. ಈಗಷ್ಟೇ ಮುಟ್ಟಿ ನೋಡಿ ಬಂದೆ, ಇನ್ನೂ ಸ್ವಲ್ಪ ಹಸಿ ಉಂಟು.