ಒಂದು ನಂಬರ್ ದೊಡ್ಡದು

ಮುಂಬೈನ ದಾದರ್ ಪಶ್ಚಿಮದ ಯಾವ ಚಪ್ಪಲಿ ಅಂಗಡಿಗಾದರೂ ಹೋಗಿ, ಮಗುವಿನ ಕಾಲಿನ ಕಥೆ ಅರ್ಧ ಹೇಳುವಷ್ಟರಲ್ಲೇ ಪರಿಹಾರ ಸಿಕ್ಕಿರುತ್ತದೆ: "ಏಕ್ ನಂಬರ್ ಬಡಾ ಲೇ ಲೋ, ಭಾಭೀ." ಡೊಂಬಿವಲಿಯಲ್ಲಿ ಇದೇ ಮಾತು ಮರಾಠಿಯಲ್ಲಿ ಸಿಗುತ್ತದೆ, ಮಾಟುಂಗಾದಲ್ಲಿ ಅದೃಷ್ಟವಿದ್ದರೆ ಕನ್ನಡದಲ್ಲಿ. ಊರಿನಿಂದ ಬಂದ ಅಜ್ಜಿಯದೂ ಅದೇ ತೀರ್ಪು, ಕಾರಣ ಮಾತ್ರ ಬೇರೆ: "ಬೆಳೆಯೋ ಕಾಲು, ಮುಂದಿನ ವರ್ಷಕ್ಕೂ ಆಗತ್ತೆ." ಮೂಳೆ ಡಾಕ್ಟರು ಚೀಟಿ ಬರೆದು, ಕೈಕಾಲಿಗೆ ಆಸರೆಯ ಸಾಧನ ಮಾಡಿಕೊಡುವ ಆರ್ಥೋಟಿಸ್ಟ್ ಪಾದದ ಅಚ್ಚು ತೆಗೆದು, ಅಪ್ಪ ದುಡ್ಡು ಎಣಿಸಿ, ಅಂತೂ ಪಾದಕ್ಕೆ ಆಸರೆಯಾಗಿ ಬೂಟಿನೊಳಗೆ ಕೂರಿಸುವ ಇನ್‌ಸೋಲ್ ಕೈಗೆ ಬಂದ ಮೇಲೂ ಅದನ್ನು ಹಾಕಲು ಬೂಟಿಲ್ಲ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಹುಟ್ಟಿದ್ದು ಚಪ್ಪಲಿ ಅಂಗಡಿಯಲ್ಲೇ ಇರಬೇಕು.

ಅಷ್ಟಕ್ಕೂ ಒಂದು ನಂಬರ್ ಅಂದರೆ ಎಷ್ಟು? ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ನಡೆಯುವುದು ಇಂಗ್ಲೆಂಡಿನ ಅಳತೆ. ಅಲ್ಲಿ ಒಂದು ನಂಬರ್ ಅಂದರೆ ಇಂಚಿನ ಮೂರನೇ ಒಂದು ಪಾಲು, ಸುಮಾರು 8.5 ಮಿ.ಮೀ. ಹಿಂದೆ ಇದನ್ನು ಒಂದು ಜವೆಗೋಧಿ ಕಾಳಿನ ಉದ್ದ ಅಂತ ಲೆಕ್ಕ ಹಾಕುತ್ತಿದ್ದರು. ಮಕ್ಕಳ ನಂಬರು 13ರವರೆಗೆ ಏರಿ, ಆಮೇಲೆ ಮತ್ತೆ 1ಕ್ಕೆ ಬರುತ್ತದೆ. ಏಳನೇ ಕ್ಲಾಸ್ ಪಾಸಾದವನನ್ನು ಬಾಲವಾಡಿಗೆ ಕೂರಿಸಿದ ಹಾಗೆ. ಇರಲಿ. ಈ ಒಂದು ಕಾಳು ಹೆಚ್ಚುವುದು ಮುಖ್ಯವಾಗಿ ಉದ್ದದಲ್ಲಿ. ಇನ್‌ಸೋಲ್ ಕೇಳುವುದು ಆಳವನ್ನು, ಜೊತೆಗೆ ಹಿಮ್ಮಡಿಯ ಹತ್ತಿರ ಮತ್ತು ನಡುಪಾದದಲ್ಲಿ ಒಂದಿಷ್ಟು ಅಗಲವನ್ನು. ಮನೆಯ ಮಾಡು ತಗ್ಗಾಯಿತು ಅಂದವನಿಗೆ ಅಂಗಳ ಉದ್ದ ಮಾಡಿ ಕೊಟ್ಟರೆ ಏನು ಬಂತು?

ಬೂಟನ್ನು ಪರೇಲಿನ ಚಾಳಿನ ಒಂದು ಖೋಲಿ ಅಂದುಕೊಳ್ಳಿ. ಅಲ್ಲಿ ಆಗಲೇ ಒಬ್ಬ ಬಾಡಿಗೆದಾರ ಇದ್ದಾನೆ: ಕಂಪನಿಯವರು ಹಾಸಿ ಕಳಿಸಿದ, ಮೂರರಿಂದ ಐದು ಮಿ.ಮೀ. ದಪ್ಪದ ಒಳ ಅಟ್ಟೆ. ಅವನನ್ನು ಖಾಲಿ ಮಾಡಿಸದೆ ಅವನ ತಲೆಯ ಮೇಲೇ ಇನ್‌ಸೋಲನ್ನು ಕೂರಿಸಿದರೆ ಮಗುವಿನ ಹಿಮ್ಮಡಿ ಮೇಲೆದ್ದು ಬೂಟಿನ ಹಿಂಗೋಡೆಯಾಚೆ ಇಣುಕುತ್ತದೆ. ಆಮೇಲೆ ಮಗು ಲೋಕಲ್ ಒಳಗೆ, ಬೂಟು ಪ್ಲಾಟ್‌ಫಾರ್ಮ್ ಮೇಲೆ. ಆದ್ದರಿಂದ ಬೆಲೆಯನ್ನೂ ಬಣ್ಣವನ್ನೂ ಆಮೇಲೆ ಕೇಳಿ, ಮೊದಲ ಪ್ರಶ್ನೆ, "ಒಳಗಿನ ಅಟ್ಟೆ ಹೊರಗೆ ಬರತ್ತಾ?" ಮಾರುವವನು "ಆತಾ ಹೈ" ಅಂದರೆ ನಂಬಬೇಡಿ. ಹಿಮ್ಮಡಿಯ ಕಡೆ ಉಗುರು ಹಾಕಿ ಎಬ್ಬಿಸಿ ನೋಡಿ. ಒಂದೆರಡು ಚುಕ್ಕೆ ಗೋಂದಿದ್ದರೆ ಪರವಾಗಿಲ್ಲ, ಏಳುತ್ತದೆ. ಹೊಲಿಗೆ ಹಾಕಿದ್ದರೆ ಆ ಬೂಟಿಗೊಂದು ನಮಸ್ಕಾರ. ಎದ್ದ ಮೇಲೆ ಕೆಳಗಿನ ನೆಲವನ್ನೂ ಬೆರಳಾಡಿಸಿ ನೋಡಬೇಕು, ಸಪಾಟಾಗಿರಬೇಕು. ಅಗ್ಗದ ಅಚ್ಚಿನ ಸೋಲ್‌ಗಳಲ್ಲಿ ಹಿಮ್ಮಡಿಯ ಕೆಳಗೆ ಜೇನುಗೂಡಿನಂತೆ ಟೊಳ್ಳು ಬಿಟ್ಟಿರುತ್ತಾರೆ. ಅದರ ಮೇಲೆ ಇನ್‌ಸೋಲ್ ಕುಂಟು ಮಣೆಯ ಹಾಗೆ ಅಲ್ಲಾಡುತ್ತದೆ. ಇನ್ನು ಲೈಟ್ ಮಿನುಗುವ ಬೂಟು. ಮಗು ಅಂಗಡಿಗೆ ಕಾಲಿಟ್ಟ ಕೂಡಲೇ ಕೈ ತೋರಿಸುವುದು ಅದಕ್ಕೇ. ಆ ಮಿಣಮಿಣದ ಬ್ಯಾಟರಿ ಡಬ್ಬಿ ಇರುವುದು ಹಿಮ್ಮಡಿಯೊಳಗೇ, ಅಟ್ಟೆ ತೆಗೆದರೆ ಕೆಲವದರಲ್ಲಿ ಅದೇ ಗುಬ್ಬಚ್ಚಿ ಮೊಟ್ಟೆಯಂತೆ ಉಬ್ಬಿಕೊಂಡಿರುತ್ತದೆ. ಈ ವಿಷಯವನ್ನು ನಾಲ್ಕು ವರ್ಷದವಳಿಗೆ ಅಂಗಡಿಯ ನಡುವೆ ವಿವರಿಸುವ ಹೊಣೆ ಅಪ್ಪನದು.

ಹಾಗಾಗಿ ಮೊದಲ ಸುತ್ತಿಗೆ ಮಗುವನ್ನು ಕರೆದೊಯ್ಯದಿರುವುದೇ ಜಾಣತನ. ಎರಡೂ ಇನ್‌ಸೋಲನ್ನು ಒಂದು ಬಟ್ಟೆಚೀಲದಲ್ಲಿ ಹಾಕಿಕೊಂಡು ವಾರದ ದಿನ ಮಧ್ಯಾಹ್ನ ಹೋಗಿ. ಬೂಟಿನ ಅಟ್ಟೆ ಹೊರಗೆ ತೆಗೆದು ಮೇಜಿನ ಮೇಲಿಟ್ಟು, ಹಿಮ್ಮಡಿಗೆ ಹಿಮ್ಮಡಿ ಕೂಡಿಸಿ ಇನ್‌ಸೋಲನ್ನು ಅದರ ಮೇಲಿಡಿ. ಇನ್‌ಸೋಲಿನ ಅಂಚು ಎಲ್ಲಾದರೂ ಹೊರಗೆ ಚಾಚಿದರೆ ಆ ಬೂಟು ಬೇಡ. ಒಳಗೆ ತುರುಕಿದರೆ ಅಂಚು ಮಡಚಿ ಮಗುವಿನ ಕಾಲಿಗೆ ಒತ್ತುತ್ತದೆ. "ಖುಲ್ ಜಾಯೇಗಾ", ಹಾಕ್ತಾ ಹಾಕ್ತಾ ಸಡಿಲ ಆಗತ್ತೆ ಅನ್ನುವ ಮಾತು ಚರ್ಮಕ್ಕೆ ಅಲ್ಪಸ್ವಲ್ಪ ಸರಿ, ರೆಕ್ಸಿನ್ನಿಗೆ ಅಲ್ಲ. ಚಾಚಲಿಲ್ಲವಾದರೆ ಬೂಟಿನೊಳಗಿಟ್ಟು ಹಿಂದೆ ಒಂದು ಬೆರಳು, ಮುಂದೆ ಒಂದು ಬೆರಳು ಒತ್ತಿ. ತೂಗಾಡಬಾರದು. ಆಮೇಲೆ ಮೂರು ಹಿಂಸೆ: ಹಿಮ್ಮಡಿಯ ಗೋಡೆಯನ್ನು ಎರಡು ಬೆರಳಲ್ಲಿ ಹಿಂಡಿ, ಅದು ಸುಲಭಕ್ಕೆ ಬಗ್ಗಬಾರದು. ಮುಂಭಾಗ ಮೇಲಕ್ಕೆ ಮಡಚಿ, ಬೆರಳ ಬುಡದಲ್ಲಿ ಬಗ್ಗಬೇಕು, ನಡುವಿನಲ್ಲಿ ಅಲ್ಲ. ಕೊನೆಗೆ ಒದ್ದೆ ಬಟ್ಟೆಯಂತೆ ಹಿಂಡಿ, ಬೂಟು ತಿರುಚಿಕೊಂಡರೆ ವಾಪಸಿಡಿ. ಇಷ್ಟು ಹೊತ್ತಿಗೆ ಅಂಗಡಿಯವನು ನಿಮ್ಮನ್ನು ಎದುರಂಗಡಿಯ ಗೂಢಚಾರರೆಂದು ತಿಳಿದಿರುತ್ತಾನೆ. ತಿಳಿಯಲಿ.

ಎರಡನೇ ಸುತ್ತು ಸಂಜೆ, ಮಗುವಿನ ಜೊತೆ, ಶಾಲೆಗೆ ಹಾಕುವ ಅದೇ ಕಾಲುಚೀಲದಲ್ಲಿ. ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ, ಅಳತೆ ನಿಜಕ್ಕೆ ಹತ್ತಿರ. ನಿಲ್ಲಿಸಿ ಅಳೆಯಬೇಕು, ಎರಡೂ ಕಾಲು ಅಳೆಯಬೇಕು, ದೊಡ್ಡ ಕಾಲಿನ ಲೆಕ್ಕ ಹಿಡಿಯಬೇಕು. ಉದ್ದನೆಯ ಬೆರಳಿನ ಮುಂದೆ 10ರಿಂದ 12 ಮಿ.ಮೀ. ಜಾಗ ಸಾಕು. ಬೂಟಿನ ಮೇಲಿಂದ ಹೆಬ್ಬೆರಳಿನಲ್ಲಿ ಒತ್ತಿ ನೋಡುವುದು ಎಲ್ಲರೂ ಮಾಡುವ ಪರೀಕ್ಷೆ, ಆದರೆ ಮೇಲಿಂದ ಒತ್ತಿದ ಕೂಡಲೇ ಮಕ್ಕಳು ಬೆರಳನ್ನು ಆಮೆಯ ಹಾಗೆ ಒಳಗೆಳೆದುಕೊಳ್ಳುತ್ತವೆ. "ಆಹಾ, ಎಷ್ಟು ಜಾಗ ಇದೆ!" ಅಂತ ಬಿಲ್ ಹಾಕಿಸುತ್ತೀರಿ. ಇದಕ್ಕೆ ಮದುವೆ ಕಾರ್ಡಿನ ರಟ್ಟು ಸಾಕು: ಮನೆಯಲ್ಲೇ ಮಗುವನ್ನು ಅದರ ಮೇಲೆ ನಿಲ್ಲಿಸಿ ಪಾದದಷ್ಟು ಉದ್ದಕ್ಕೆ 10 ಮಿ.ಮೀ. ಸೇರಿಸಿ ಒಂದು ಬೆರಳಗಲದ ಪಟ್ಟಿ ಕತ್ತರಿಸಿ. ಇನ್‌ಸೋಲ್ ಕೂತ ಬೂಟಿನೊಳಗೆ ಆ ಪಟ್ಟಿ ಮಡಚದೆ ಮಲಗಿದರೆ ಉದ್ದ ಸರಿ. ರಟ್ಟು ಬೆರಳು ಮಡಚುವುದಿಲ್ಲ, ಸುಳ್ಳನ್ನೂ ಹೇಳುವುದಿಲ್ಲ.

ತೊಡಿಸುವಾಗ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ವೆಲ್ಕ್ರೋ ಬಿಗಿಯಿರಿ. ವೆಲ್ಕ್ರೋ ಪಟ್ಟಿ ಎರಡಾದರೂ ಇರಲಿ, ಬೂಟಿನ ಬಾಯಿ ಬೆರಳಿನ ಕಡೆಯವರೆಗೆ ತೆರೆಯಲಿ. ಕಾರ್ಪೆಟ್ ಮೇಲಲ್ಲ, ಗಟ್ಟಿ ನೆಲದ ಮೇಲೆ ನಡೆಸಿ ಹಿಂದಿನಿಂದ ನೋಡಿ. ಹಿಮ್ಮಡಿ ಹೆಜ್ಜೆ ಹೆಜ್ಜೆಗೂ ಏಳುತ್ತಿದ್ದರೆ, ಬೂಟಿನ ಅಂಚು ಕಣಕಾಲಿನ ಗಂಟಿಗೆ ಉಜ್ಜುತ್ತಿದ್ದರೆ ಅದು ನಮ್ಮದಲ್ಲ. ಇನ್‌ಸೋಲ್ ಬದಲು ಕಣಕಾಲು ದಾಟುವ ಪ್ಲಾಸ್ಟಿಕ್ ಬ್ರೇಸ್ ಇರುವ ಮಕ್ಕಳಿಗಂತೂ ಅಗಲ ಬಾಯಿ ಇಲ್ಲದೆ ಗತಿಯಿಲ್ಲ. ಒಂದೇ ಕಾಲಿಗೆ ಬ್ರೇಸ್ ಇದ್ದರೆ ಕೆಲವೊಮ್ಮೆ ಎರಡು ನಂಬರಿನ ಎರಡು ಜೊತೆ ಕೊಳ್ಳಬೇಕಾಗುತ್ತದೆ. ನಾಲ್ಕು ಬೂಟು, ಎರಡು ಕಾಲು. ಉಳಿದೆರಡಕ್ಕೆ ತಿರುವುಮುರುವು ಕಾಲಿನ ಇನ್ನೊಂದು ಮಗು ಸಿಕ್ಕರೆ ಪೂರ್ವಜನ್ಮದ ಪುಣ್ಯ.

ಬೂಟಿನ ಪಟ್ಟಿ ಗಿಡ್ಡವಾದರೆ ರೈಲ್ವೆ ಸ್ಟೇಷನ್ ಹೊರಗೆ ಕೂತ ಮೋಚಿ ಎರಡಿಂಚು ವೆಲ್ಕ್ರೋ ಸೇರಿಸಿ ಹೊಲಿದು ಕೊಡುತ್ತಾನೆ, ನಾಲಿಗೆಯ ಹೊಲಿಗೆ ಬಿಚ್ಚಿ ಬಾಯಿ ಅಗಲ ಮಾಡಿಯೂ ಕೊಡುತ್ತಾನೆ. ಬೂಟಿನ ಶಸ್ತ್ರಚಿಕಿತ್ಸೆ ಅವನಿಗೆ ಬಿಡಿ. ಇನ್‌ಸೋಲನ್ನು ಮಾತ್ರ ಅವನ ಉಳಿಗೆ ಕೊಡಬೇಡಿ, ಪಕ್ಕದ ಮನೆ ಶೆಟ್ರ ಸಾಣೆಕಲ್ಲಿಗೂ ಬೇಡ, ಎರಡು ಮಿ.ಮೀ. ಉಜ್ಜಿದರೆ ಕಮಾನಿನ ಆಸರೆಯೇ ಜಾಗ ಬದಲಿಸುತ್ತದೆ. ಅದು ಆರ್ಥೋಟಿಸ್ಟ್ ಕೆಲಸ. ಹಾಜಿ ಅಲಿಯಲ್ಲಿ 1955ರಿಂದ ಇರುವ ಅಖಿಲ ಭಾರತ ಮಟ್ಟದ ಪುನರ್ವಸತಿ ಸಂಸ್ಥೆಯಂಥ ಕಡೆ ಇದಕ್ಕೇ ವರ್ಕ್‌ಶಾಪ್ ಇದೆ. ಯಾವ ಬೂಟೂ ಒಪ್ಪದ ಪಾದಕ್ಕೆ ಅಳತೆ ಕೊಟ್ಟು ಹೊಲಿಸುವ "ಸರ್ಜಿಕಲ್ ಶೂ" ಕೊನೆಯ ದಾರಿ.

ಅಜ್ಜಿಯ ಲೆಕ್ಕ ಪೂರ್ತಿ ತಪ್ಪೇನಲ್ಲ. ಮೂರರಿಂದ ಐದು ವರ್ಷದ ಮಕ್ಕಳ ಪಾದ ತಿಂಗಳಿಗೆ ಸುಮಾರು ಒಂದು ಮಿ.ಮೀ. ಬೆಳೆಯುತ್ತದೆ, ಅಂದರೆ ವರ್ಷದಲ್ಲಿ ಒಂದು ನಂಬರ್ ದಾಟುತ್ತದೆ. ಆದರೆ ಬೂಟಿನೊಳಗಿನ ಹೊಸ ಬಾಡಿಗೆದಾರ ಬೆಳೆಯುವುದಿಲ್ಲವಲ್ಲ! ಉದ್ದದ ಖೋಲಿಯಲ್ಲಿ ಅವನು ಹಿಂದೆ ಮುಂದೆ ಜಾರುತ್ತಾನೆ, ಕಮಾನಿಗೆ ಬರಬೇಕಾದ ಉಬ್ಬು ಬೇರೆಲ್ಲೋ ಒತ್ತುತ್ತದೆ, ಬೂಟಿನ ಮೂತಿ ಫುಟ್‌ಪಾತ್‌ನ ಪೇವರ್ ಬ್ಲಾಕಿಗೆ ತಗುಲಿ ಮಗು ಮುಗ್ಗರಿಸುತ್ತದೆ. ಪೂರ್ತಿ ಉದ್ದದ ಇನ್‌ಸೋಲಿಗೆ ಅರ್ಧ ನಂಬರ್, ಒಮ್ಮೊಮ್ಮೆ ಒಂದು ನಂಬರ್ ಏರಿಸಬೇಕಾಗುವುದೂ ಉಂಟು. ಅದನ್ನು ರಟ್ಟಿನ ಪಟ್ಟಿ ಹೇಳಲಿ, ಅಂಗಡಿಯವನಲ್ಲ. ಮೂರು ತಿಂಗಳಿಗೊಮ್ಮೆ ಹೊಸ ಪಟ್ಟಿ ಕತ್ತರಿಸಿ ತಾರೀಖು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿಡಿ, ಹಾಲಿನ ಬಿಲ್ಲಿನ ಪಕ್ಕ. ಅಣ್ಣನ ಹಳೇ ಬೂಟು ತಮ್ಮನಿಗೆ ಅನ್ನುವ ಮನೆಯ ಸಂಪ್ರದಾಯ ಇಲ್ಲಿ ನಡೆಯದು. ಅಣ್ಣನ ನಡಿಗೆಗೆ ಸವೆದ ಸೋಲು ತಮ್ಮನ ಇನ್‌ಸೋಲನ್ನು ವಾಲಿಸುತ್ತದೆ.

ಹೊಸದನ್ನು ಮೊದಲ ದಿನವೇ ಶಾಲೆಗೆ ಹಾಕಿ ಕಳಿಸಬೇಡಿ. ಮೊದಲ ದಿನ ಒಂದು ಗಂಟೆ, ಆಮೇಲೆ ದಿನಕ್ಕೊಂದು ಗಂಟೆ ಹೆಚ್ಚು. ಬಿಚ್ಚಿದ ಮೇಲೆ ಕಾಣುವ ಕೆಂಪು ಗುರುತು ಅರ್ಧ ಗಂಟೆಯಲ್ಲಿ ಮಾಯವಾದರೆ ಸರಿ. ಮಾಯವಾಗದಿದ್ದರೆ, ಗುಳ್ಳೆ ಎದ್ದರೆ, ಆರ್ಥೋಟಿಸ್ಟ್ ಬಳಿ ವಾಪಸ್. ಕಿರ್ ಕಿರ್ ಸದ್ದಿಗೆ ಇನ್‌ಸೋಲಿನ ಕೆಳಗೆ ಚಿಟಿಕೆ ಟಾಲ್ಕಂ ಪೌಡರ್ ಸಾಕು.

ಜೂನ್ ಬಂತೆಂದರೆ ಇನ್ನೊಂದು ಅಧ್ಯಾಯ. ಮುಂಬೈ ಮಳೆಯೂ ಶಾಲೆಯೂ ಹೆಚ್ಚುಕಡಿಮೆ ಒಟ್ಟಿಗೆ ಶುರು. ಓಣಿಗೊಬ್ಬ ಮಾರುವ ಪ್ಲಾಸ್ಟಿಕ್ ಸ್ಯಾಂಡಲಿನಲ್ಲಿ ಇನ್‌ಸೋಲ್ ನಿಲ್ಲುವುದಿಲ್ಲ, ಮಳೆಗೆ ಮುಳುಗುವ ಹಿಂದ್ಮಾತಾದ ನೀರಿನಲ್ಲಿ ಕಾಗದದ ದೋಣಿಯಂತೆ ಹೊರಟುಬಿಡುತ್ತದೆ. ಎರಡು ಜೊತೆ ಬೂಟಿಟ್ಟು ದಿನ ಬಿಟ್ಟು ದಿನ ಹಾಕಿಸುವುದೇ ಉಪಾಯ. ನೆನೆದ ಬೂಟಿಗೆ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ. ಇನ್‌ಸೋಲನ್ನು ಹೊರಗೆ ತೆಗೆದು ಒರೆಸಿ ನೆರಳಲ್ಲಿ ಒಣಗಿಸಿ. ಗ್ಯಾಸ್ ಒಲೆ, ಕಾರಿನ ಡ್ಯಾಶ್‌ಬೋರ್ಡ್, ಹೇರ್ ಡ್ರೈಯರ್ ಮೂರೂ ನಿಷಿದ್ಧ. ಬಿಸಿಗೆ ಅದು ಹಪ್ಪಳದಂತೆ ಸೊಟ್ಟಗಾಗುತ್ತದೆ, ಕರಿದ ಹಪ್ಪಳವನ್ನು ಮತ್ತೆ ಹಿಟ್ಟು ಮಾಡಿದವರಿಲ್ಲ.

ಕೊನೆಗೆ ದೇವಸ್ಥಾನ. ಮಾಟುಂಗಾದಲ್ಲಿ ಕೈ ಮುಗಿದು ಬರುವಷ್ಟರಲ್ಲಿ ಬೂಟು ಕಾಣೆಯಾದರೆ ಹೋದದ್ದು ಬೂಟೊಂದೇ ಅಲ್ಲ, ಅದಕ್ಕಿಂತ ದುಬಾರಿಯಾದ ಇನ್‌ಸೋಲ್ ಕೂಡ. ಹಾಗಾಗಿ ಅದನ್ನು ತೆಗೆದು ಚೀಲಕ್ಕೆ ಹಾಕಿಕೊಂಡೇ ಒಳಗೆ ಹೋಗಿ, ಅಡಿಯಲ್ಲಿ ಅಳಿಸದ ಪೆನ್ನಿನಲ್ಲಿ ಹೆಸರೂ ಎಡ ಬಲವೂ ಬರೆದಿರಲಿ. ಮರೆತು ಹಾಗೇ ಬಿಟ್ಟಿರೋ, ಕಳ್ಳನಿಗೂ ಲಾಭವಿಲ್ಲ. ಮನೆಗೆ ಹೋಗಿ ಮಗನಿಗೆ ತೊಡಿಸುತ್ತಾನೆ, ಮಗ "ಚುಚ್ಚತ್ತೆ ಅಪ್ಪಾ" ಅನ್ನುತ್ತಾನೆ, ಒಳಗಿನಿಂದ ಕಳ್ಳನ ತಾಯಿ ಕೂಗುತ್ತಾಳೆ: "ಎತ್ತೋದೇ ಎತ್ತಿದೆ, ಒಂದು ನಂಬರ್ ದೊಡ್ಡದು ಎತ್ತಬಾರದಿತ್ತಾ?"