ಆರ್ಥಿಕತೆಯ ಸುದ್ದಿ ಮತ ತಿರುಗಿಸುತ್ತದೆಯೇ?

ಪರ: ತಿರುಗಿಸುತ್ತದೆ

ಟೊಮೆಟೊ ಬೆಲೆ ಎಷ್ಟು ಅಂತ ನನಗೆ ಗೊತ್ತು, ನಾನೇ ಕೊಳ್ಳುತ್ತೇನೆ. ಜಿಡಿಪಿಯನ್ನು, ಅಂದರೆ ದೇಶದ ಒಟ್ಟು ಉತ್ಪಾದನೆಯ ಲೆಕ್ಕವನ್ನು, ಮಾತ್ರ ಕಣ್ಣಾರೆ ಕಂಡವರಿಲ್ಲ. ದೇಶದಲ್ಲಿ ಕೆಲಸ ಜಾಸ್ತಿಯಾಯಿತೋ ಕಡಿಮೆಯಾಯಿತೋ ಅನ್ನುವುದು ಟಿವಿ, ಪೇಪರ್, ಮೊಬೈಲ್ ಹೇಳಿದಷ್ಟೇ ನಮಗೆ ಗೊತ್ತು.

1992ರ ಅಮೆರಿಕ ನೋಡಿ. ಅಲ್ಲಿ ಆರ್ಥಿಕ ಹಿಂಜರಿತ, ಅಂದರೆ ಆರ್ಥಿಕತೆ ಕುಗ್ಗುವ ಕಾಲ, 1991ರ ಮಾರ್ಚ್‌ನಲ್ಲೇ ಮುಗಿದಿತ್ತು. ಆದರೆ ಹಾಗೆಂದು ಲೆಕ್ಕ ಹಾಕಿ ಹೇಳುವ ಸಂಸ್ಥೆ ಬಾಯಿಬಿಟ್ಟಿದ್ದು 1992ರ ಡಿಸೆಂಬರ್‌ನಲ್ಲಿ. ಚುನಾವಣೆ ನವೆಂಬರ್‌ನಲ್ಲೇ ಮುಗಿದುಹೋಗಿತ್ತು. ಅಷ್ಟೂ ದಿನ ಜನ ಓದಿದ್ದು ಕಷ್ಟದ ಸುದ್ದಿ. ಆಗ ಅಧ್ಯಕ್ಷರಾಗಿದ್ದ ಜಾರ್ಜ್ ಬುಷ್ ಸೋತರು, ಎದುರಾಳಿ ಕ್ಲಿಂಟನ್ ಗೆದ್ದರು.

ನಮ್ಮಲ್ಲೇ ಇನ್ನೊಂದು ಉದಾಹರಣೆ ಇದೆ. 2017ರ ಜೂನ್‌ನಿಂದ ಪೆಟ್ರೋಲ್ ದರ ದಿನಾ ಬದಲಾಗಬೇಕು ಅಂತ ಆಯಿತು. 2018ರ ಕರ್ನಾಟಕ ಚುನಾವಣೆ ಹೊತ್ತಿಗೆ ಮಾತ್ರ ಸುಮಾರು 19 ದಿನ ದರ ಒಂದು ಪೈಸೆಯೂ ಅಲುಗಲಿಲ್ಲ. ಮೇ 12ಕ್ಕೆ ಮತದಾನ. ಮೇ 14ಕ್ಕೆ ಮತ್ತೆ ಏರಿಕೆ ಶುರು! ಅದು ತಮ್ಮದೇ ತೀರ್ಮಾನ ಎಂದು ತೈಲ ಕಂಪನಿಗಳು ಹೇಳಿದವು. ನನಗೆ ಆ ಮಾತಿನಲ್ಲಿ ನಂಬಿಕೆ ಇಲ್ಲ. ಹತ್ತಿಪ್ಪತ್ತು ಪೈಸೆಯಿಂದ ಯಾರ ಮನೆಯೂ ಮುಳುಗುವುದಿಲ್ಲ. ‘ಇಂದೂ ಏರಿಕೆ’ ಅಂತ ದಿನಾ ಬೆಳಗ್ಗೆ ಟಿವಿಯಲ್ಲಿ ಓಡುವ ಸಾಲಿಗೆ ಆಳುವವರು ಹೆದರುತ್ತಾರೆ.

ವಿರೋಧ: ಮತ ತಿರುಗಿಸುವುದು ಅಡುಗೆಮನೆ

ಮೇಲಿನ ಅಮೆರಿಕದ ಕಥೆ ಅರ್ಧ ಮಾತ್ರ. ಹಿಂಜರಿತ ಮುಗಿದರೂ ಕೆಲಸ ವಾಪಸ್ ಬಂದಿರಲಿಲ್ಲ. 1992ರ ಜೂನ್‌ನಲ್ಲಿ ಅಲ್ಲಿನ ನಿರುದ್ಯೋಗ ಶೇ. 7.8ಕ್ಕೆ ಏರಿತ್ತು. ಕೆಲಸ ಕಳೆದುಕೊಂಡವರಿಗೆ ಅದನ್ನು ಪೇಪರ್ ಹೇಳಬೇಕೇ?

ಸುದ್ದಿಗೆ ಅಷ್ಟು ಬಲ ಇದ್ದಿದ್ದರೆ 2004ರಲ್ಲಿ ವಾಜಪೇಯಿ ಸರ್ಕಾರ ಸೋಲುತ್ತಿರಲಿಲ್ಲ. ಆ ಹೊತ್ತಿಗೆ ದೇಶದ ಆರ್ಥಿಕ ಬೆಳವಣಿಗೆ ಶೇ. 8ರ ಆಸುಪಾಸಿನಲ್ಲಿತ್ತು. ಎಲ್ಲಿ ನೋಡಿದರೂ ಸರ್ಕಾರದ ‘ಇಂಡಿಯಾ ಶೈನಿಂಗ್’ (ಭಾರತ ಹೊಳೆಯುತ್ತಿದೆ) ಜಾಹೀರಾತು. ಹಳ್ಳಿಯಲ್ಲಿ ಹೊಳೆಯುವಂಥದ್ದು ಏನೂ ಇರಲಿಲ್ಲ. ಅದೇ ವರ್ಷ ಎಸ್.ಎಂ. ಕೃಷ್ಣ ಅವರ ಕಥೆಯೂ ಅದೇ ಆಯಿತು. ಐಟಿಯಿಂದ ಬೆಂಗಳೂರಿನ ಹೆಸರು ಜಗತ್ತಿನ ಪೇಪರ್‌ಗಳಲ್ಲೆಲ್ಲ ಬರುತ್ತಿತ್ತು, ಇತ್ತ ಊರುಗಳಲ್ಲಿ ವರ್ಷ ವರ್ಷವೂ ಬರ. 1999ರಲ್ಲಿ 132 ಸೀಟು ಗೆದ್ದಿದ್ದ ಕಾಂಗ್ರೆಸ್ 65ಕ್ಕೆ ಇಳಿಯಿತು. ಬತ್ತಿದ ಬೋರ್‌ವೆಲ್ ಮುಂದೆ ನಿಂತ ರೈತನಿಗೆ ಒಳ್ಳೆಯ ಸುದ್ದಿ ಓದಿಸಿ ಏನು ಪ್ರಯೋಜನ?

‘ಹಣದುಬ್ಬರ ಇಳಿಕೆ’ ಅನ್ನುವ ಶೀರ್ಷಿಕೆ ಇದೆಯಲ್ಲ, ಅದನ್ನು ಓದಿ ಬೆಲೆ ಇಳಿಯಿತು ಅಂದುಕೊಳ್ಳುವಂತಿಲ್ಲ. ಬೆಲೆ ಏರುವ ವೇಗ ಕಡಿಮೆಯಾಯಿತು, ಅಷ್ಟೇ. ನೂರಿದ್ದದ್ದು ನೂರಹತ್ತಾಗಿ, ಆಮೇಲೆ ನೂರಹದಿಮೂರಾದರೂ ಅದು ‘ಇಳಿಕೆ’ಯೇ. ಮನೆ ನಡೆಸುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ನಮ್ಮಮ್ಮ ಹೊಸ ಸಿಲಿಂಡರ್ ಹಾಕಿದ ದಿನ ಗೋಡೆಯ ಕ್ಯಾಲೆಂಡರ್‌ನಲ್ಲಿ ‘ಗ್ಯಾಸ್’ ಅಂತ ಬರೆದು, ಪಕ್ಕದಲ್ಲೇ ಕೊಟ್ಟ ದುಡ್ಡು ಬರೆಯುತ್ತಾರೆ. ಹಳೆಯ ಕ್ಯಾಲೆಂಡರ್‌ಗಳನ್ನೂ ಎಸೆದಿಲ್ಲ. ಟಿವಿಯಲ್ಲಿ ಯಾರಾದರೂ ಬೆಲೆ ಬಗ್ಗೆ ಮಾತಾಡಿದರೆ ಎದ್ದು ಹೋಗಿ ಹಾಳೆ ತಿರುವಿ ನೋಡುತ್ತಾರೆ.